ಕಸದ ಬುಟ್ಟಿಯಿಂದ ಎಷ್ಟು ದೂರ ನಿಲ್ತೀರಿ?

ಆರನೇ ಕ್ಲಾಸಿನ ಹುಡುಗನೊಬ್ಬನ ಗಣಿತದ ಉತ್ತರಪತ್ರಿಕೆ ಹಿಡ್ಕೊಂಡು ಟೀಚರ್ ಒಬ್ಬರು ನನ್ನ ರೂಮಿಗೆ ಬಂದ್ರು. ಹೆಸರು, ರೋಲ್ ನಂಬರ್ ಬಿಟ್ರೆ ಮಿಕ್ಕಿದ್ದೆಲ್ಲ ಖಾಲಿ. "ನೋಡಿ ಮೇಡಂ, ಇದು ಮೂರನೇ ಸಲ, ಯಾಕೋ ಅಂದ್ರೆ ಓದಿಲ್ಲ ಮಿಸ್ ಅಂತ ಹಲ್ಲು ಕಿರೀತಾನೆ, ಇವನಿಗೆ ಮೋಟಿವೇಷನ್ ಅನ್ನೋದೇ ಇಲ್ಲ, ನೀವೇ ಕೂರಿಸ್ಕೊಂಡು ಏನಾದ್ರೂ ಹೇಳಿ" ಅಂದ್ರು. ನಾನು ಪೇಪರ್ ಇಸ್ಕೊಂಡು ಸುಮ್ನೆ ಕಿಟಕಿ ಕಡೆ ತಿರುಗಿಸಿದೆ. ಬೆಳಕಿಗೆ ಹಿಡಿದಾಗ ಗೊತ್ತಾಯ್ತು, ಅದು ಖಾಲಿ ಪೇಪರ್ ಅಲ್ಲವೇ ಅಲ್ಲ. ರಬ್ಬರಲ್ಲಿ ಉಜ್ಜಿ ಉಜ್ಜಿ ಕಾಗದ ಎಳೆ ಎದ್ದಿತ್ತು, ಪೆನ್ಸಿಲ್ ಒತ್ತಿದ ಗುರುತು ಹಾಗೇ ಉಳಿದಿತ್ತು. ಎರಡನೇ ಲೆಕ್ಕ ಮೂರು ಸ್ಟೆಪ್ ಮಾಡಿದ್ದ, ಮೂರೂ ಸರಿ. ನಾಲ್ಕನೇ ಸ್ಟೆಪ್ಪಲ್ಲಿ ಭಿನ್ನರಾಶಿ ಕೂಡೋವಾಗ ಕೆಳಗಿನ ಸಂಖ್ಯೆಗಳನ್ನೂ ಕೂಡಿಬಿಟ್ಟಿದ್ದ, ಅಲ್ಲಿ ಏನೋ ಅನುಮಾನ ಬಂದಿರಬೇಕು, ಮೇಲಿಂದ ಕೆಳಗಿನ ತನಕ ಎಲ್ಲ ಅಳಿಸಿ ಹಾಕಿದ್ದ.

ನಲವತ್ತು ನಿಮಿಷ ಬರೆದು ಅಳಿಸಿ, ಬರೆದು ಅಳಿಸಿ ಕೂತವನಿಗೆ ಮೋಟಿವೇಷನ್ ಇಲ್ಲ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಬೇಕಾದಷ್ಟಿದೆ, ಆದ್ರೆ ಅದೆಲ್ಲ ಒಂದೇ ಕೆಲಸಕ್ಕೆ ಖರ್ಚಾಗ್ತಿದೆ, "ಇವನಿಗೆ ಬರಲ್ಲ" ಅನ್ನೋ ಮಾತು ಯಾರ ಬಾಯಲ್ಲೂ ಬರದ ಹಾಗೆ ನೋಡ್ಕೊಳ್ಳೋ ಕೆಲಸಕ್ಕೆ. ತಪ್ಪು ಬರೆದ್ರೆ ದಡ್ಡ ಅಂತಾರೆ, ಖಾಲಿ ಕೊಟ್ರೆ ಸೋಮಾರಿ ಅಂತಾರೆ, ಎರಡರಲ್ಲಿ ಸೋಮಾರಿ ಅನ್ನಿಸ್ಕೊಳ್ಳೋದೇ ವಾಸಿ ಅಂತ ಹನ್ನೊಂದು ವರ್ಷದ ಮಗು ಲೆಕ್ಕ ಹಾಕಿದೆ. ಗಣಿತದಲ್ಲಿ ವೀಕು ಅಂತೀವಲ್ಲ, ಈ ಲೆಕ್ಕದಲ್ಲಿ ಅವನು ಪಕ್ಕಾ. ಮಾರ್ಟಿನ್ ಕವಿಂಗ್ಟನ್ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನ ಹೇಳಿದ್ರು, ಶಾಲೇಲಿ ಪ್ರಯತ್ನ ಅನ್ನೋದು ಮಗುವಿಗೆ ಇಬ್ಬಾಯಿ ಖಡ್ಗ, ಪ್ರಯತ್ನ ಪಡದಿದ್ರೆ ಟೀಚರ್ ಬೈತಾರೆ, ಪ್ರಯತ್ನಪಟ್ಟೂ ಸೋತ್ರೆ ತಲೆ ಇಲ್ಲ ಅಂತ ಸಾಬೀತಾಗುತ್ತೆ.

ನಾನು ಶಾಲೆಗಳಲ್ಲಿ ಕೌನ್ಸೆಲರ್ ಆಗಿ, ಟೀಚರ್‌ಗಳಿಗೆ ಟ್ರೇನಿಂಗ್ ಮಾಡೋಳಾಗಿ ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿರೋ ಕಂಪ್ಲೇಂಟ್ ಅಂದ್ರೆ "ಈಗಿನ ಮಕ್ಕಳಿಗೆ ಇಂಟರೆಸ್ಟೇ ಇಲ್ಲ". ಟ್ರೇನಿಂಗ್ ಕಾಲೇಜಿನ ಪುಸ್ತಕದಲ್ಲಿ ಈ ಇಂಟರೆಸ್ಟಿಗೆ, ಅಂದ್ರೆ ಕೆಲಸ ಚೆನ್ನಾಗಿ ಮಾಡ್ಬೇಕು ಅನ್ನೋ ಒಳಗಿನ ಆಸೆಗೆ, ಸಾಧನಾ ಅಭಿಪ್ರೇರಣೆ ಅಂತ ದೊಡ್ಡ ಹೆಸರಿದೆ, ಪರೀಕ್ಷೆಗೆ ಐದು ಮಾರ್ಕ್ಸಿನ ಪ್ರಶ್ನೆ, ಬಾಯಿಪಾಠ ಮಾಡಿ ಬರೆದು ಮರೆತುಬಿಡ್ತೀವಿ. ಆದ್ರೆ ಆ ಪದದೊಳಗೆ ಕ್ಲಾಸಿನಲ್ಲಿ ನಾಳೆ ಬೆಳಿಗ್ಗೆ ಉಪಯೋಗಕ್ಕೆ ಬರೋ ವಿಷಯ ಬಹಳ ಇದೆ.

ಹೆನ್ರಿ ಮರ್ರೆ ಅನ್ನೋ ಮನಶ್ಶಾಸ್ತ್ರಜ್ಞರು 1938ರಲ್ಲಿ ಮನುಷ್ಯನಿಗಿರೋ ಮಾನಸಿಕ ಅಗತ್ಯಗಳ ಪಟ್ಟಿ ಮಾಡ್ತಾ ಸಾಧಿಸಬೇಕು ಅನ್ನೋದನ್ನೂ ಒಂದು ಅಗತ್ಯ ಅಂತ ಸೇರಿಸಿದ್ರು. ಅದನ್ನ ಅಳತೆಗೆ ತಂದವರು ಡೇವಿಡ್ ಮ್ಯಾಕ್ಲೆಲಂಡ್ ಮತ್ತು ಅವರ ಜೊತೆಗಾರರು, 1953ರಲ್ಲಿ. ಅವರು ನಿಂಗೆ ಗೆಲ್ಬೇಕು ಅಂತ ಆಸೆ ಇದೆಯಾ ಅಂತ ನೇರವಾಗಿ ಕೇಳ್ಲಿಲ್ಲ, ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ. ಒಂದು ಮಸುಕು ಮಸುಕಾದ ಚಿತ್ರ ತೋರಿಸಿ ಇದರ ಮೇಲೆ ಕಥೆ ಬರಿ ಅಂದ್ರು. ಪುಸ್ತಕದ ಮುಂದೆ ಕೂತ ಹುಡುಗನ ಚಿತ್ರ ನೋಡಿ ಒಬ್ಬ ಇವನು ಬಿಟ್ಟುಹೋದ ಗೆಳೆಯನ್ನ ನೆನೆಸ್ಕೊಳ್ತಿದ್ದಾನೆ ಅಂತ ಬರೀಬಹುದು, ಇನ್ನೊಬ್ಬ ಇವನು ಒಂದು ಮೆಷಿನ್ ಹೇಗೆ ಸರಿಮಾಡೋದು ಅಂತ ತಲೆ ಕೆಡಿಸ್ಕೊಂಡಿದ್ದಾನೆ ಅಂತ ಬರೀಬಹುದು. ಈ ಎರಡನೇ ಥರದ ಕಥೇಲಿ ಅವರು ಹುಡುಕಿದ್ದು ಒಂದೇ ವಸ್ತು, ಒಂದು ಮಟ್ಟ ಇಟ್ಕೊಂಡು ಅದರ ಜೊತೆ ಪೈಪೋಟಿ ಮಾಡೋ ಮನಸ್ಸು. ಪಕ್ಕದ ಮನೆ ಹುಡುಗನ ಜೊತೆಗಿನ ಪೈಪೋಟಿ ಇರಬಹುದು, ಇಲ್ಲದೇನೂ ಇರಬಹುದು, ಮುಖ್ಯ ಏನಂದ್ರೆ ಕೆಲಸ ಚೆನ್ನಾಗಿ ಆಗ್ಬೇಕು ಅನ್ನೋ ಹಟ. ಹಾಗಾಗಿ ಇದು ರ‍್ಯಾಂಕಿನ ಆಸೆ ಅಲ್ಲ, ಮಾರ್ಕ್ಸಿನ ಆಸೆನೂ ಅಲ್ಲ, ಅಪ್ಪ ಅಮ್ಮನ್ನ ಖುಷಿ ಪಡಿಸೋದಂತೂ ಬೇರೆಯೇ ವಿಷಯ. ಇವೆಲ್ಲ ಒಟ್ಟಿಗೆ ಬರಬಹುದು, ಬಂದಾಗ ನಮಗೆ ಎಲ್ಲಾ ಒಂದೇ ಥರ ಕಾಣುತ್ತೆ.

ಟ್ರೇನಿಂಗಿನಲ್ಲಿ ನಾನು ಇದನ್ನ ವಿವರಿಸೋಕೆ ಹೋಗಲ್ಲ, ಆಟ ಆಡಿಸ್ತೀನಿ. ರೂಮಿನ ಒಂದು ಕೊನೆಗೆ ಕಸದ ಬುಟ್ಟಿ, ಎಲ್ಲರ ಕೈಗೂ ಉಂಡೆ ಮಾಡಿದ ಐದೈದು ಹಳೇ ಪೇಪರು, ಎಲ್ಲಿಂದ ಬೇಕಾದ್ರೂ ನಿಂತು ಎಸೀರಿ, ನಿಯಮ ಏನೂ ಇಲ್ಲ. ಪ್ರತಿ ಸಲವೂ ಮೂರು ಥರದ ಜನ ಸಿಗ್ತಾರೆ. ಒಬ್ಬರು ಬುಟ್ಟಿ ಪಕ್ಕಾನೇ ಹೋಗಿ ನಿಂತು ಐದಕ್ಕೆ ಐದೂ ಹಾಕಿ ಕೈ ಒದರ್ಕೊಂಡು ಬರ್ತಾರೆ. ಇನ್ನೊಬ್ಬರು ಬಾಗಿಲ ಹತ್ರ ಹೋಗಿ, ಕೆಲವು ಸಲ ಬೆನ್ನು ತಿರುಗಿಸಿ ನಿಂತು, ತಲೆ ಮೇಲಿಂದ ಎಸೆದು ಎಲ್ಲರನ್ನೂ ನಗಿಸ್ತಾರೆ. ಮಿಕ್ಕವರು ಸುಮ್ನೆ ಒಂದೆರಡು ಎಸೆದು ನೋಡಿ, ಬಿತ್ತು ಅಂದ್ರೆ ಒಂದು ಹೆಜ್ಜೆ ಹಿಂದೆ, ಬೀಳ್ಲಿಲ್ಲ ಅಂದ್ರೆ ಅರ್ಧ ಹೆಜ್ಜೆ ಮುಂದೆ, ಹೀಗೆ ಎಲ್ಲೋ ಆರಡಿ ಏಳಡಿ ಹತ್ರ ತಮ್ಮ ಜಾಗ ಹುಡುಕ್ಕೊಳ್ತಾರೆ. ಇದು ಪ್ರಯೋಗಶಾಲೇಲೂ ಬಳೆ ಎಸೆಯೋ ಆಟದಲ್ಲಿ ಕಂಡಿರೋ ವಿಷಯ, ಸಾಧನೆಯ ಹಸಿವು ಹೆಚ್ಚಿರೋರು ನಡುಮಧ್ಯದ ದೂರ ಆರಿಸ್ತಾರೆ, ತೀರ ಹತ್ರಾನೂ ಅಲ್ಲ ತೀರ ದೂರಾನೂ ಅಲ್ಲ.

ಒಂದು ಸಲ ಹೆಡ್‌ಮಾಸ್ಟರ್ ಒಬ್ಬರು ತಮ್ಮ ಸ್ಟಾಫ್ ಎಲ್ಲ ನೋಡ್ತಿರೋವಾಗ ಬುಟ್ಟಿಗೆ ಅಂಟ್ಕೊಂಡೇ ನಿಂತು ಐದೂ ಹಾಕಿದ್ರು, ಚಪ್ಪಾಳೆ ಬಿತ್ತು. ಟೀ ಟೈಮಲ್ಲಿ ರೂಮು ಖಾಲಿಯಾದ ಮೇಲೆ ನಾನು ಬ್ಯಾಗ್ ತಗೊಳ್ಳೋಕೆ ವಾಪಸ್ ಬಂದ್ರೆ ಅವರೊಬ್ಬರೇ ಎಂಟಡಿ ದೂರದಲ್ಲಿ ನಿಂತು ನೆಲದ ಮೇಲಿನ ಉಂಡೆಗಳನ್ನ ಆಯ್ಕೊಂಡು ಆಯ್ಕೊಂಡು ಎಸೀತಿದ್ರು. ನನ್ನ ನೋಡಿ ನಾಚ್ಕೊಂಡ್ರು. ನನಗೆ ಅವತ್ತಿನ ಟ್ರೇನಿಂಗಿನ ಪೂರ್ತಿ ಪಾಠ ಅಲ್ಲೇ ಸಿಕ್ಕಿತ್ತು. ಅದೇ ಮನುಷ್ಯ, ಅದೇ ಬುಟ್ಟಿ, ನೋಡೋ ಕಣ್ಣು ಇದ್ದಾಗ ಒಂದು ದೂರ, ಇಲ್ಲದಾಗ ಇನ್ನೊಂದು ದೂರ.

ಜಾನ್ ಅಟ್ಕಿನ್ಸನ್ ಅನ್ನೋರು 1957ರಲ್ಲಿ ಇದಕ್ಕೊಂದು ಪುಟ್ಟ ಲೆಕ್ಕ ಕೊಟ್ರು, ನಾನು ಗಣಿತದ ಟೀಚರ್‌ಗಳಿಗೆ ಇದನ್ನ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ಗೆಲ್ಲೋ ಸಾಧ್ಯತೆ ಎಷ್ಟೋ ಅದನ್ನ ಗೆದ್ದಾಗ ಸಿಗೋ ತೃಪ್ತಿಯಿಂದ ಗುಣಿಸಿ, ತೃಪ್ತಿ ಅಂದ್ರೆ ಕೆಲಸ ಕಷ್ಟ ಇದ್ದಷ್ಟೂ ಜಾಸ್ತಿ, ಅಂದ್ರೆ 1ರಲ್ಲಿ ಗೆಲ್ಲೋ ಸಾಧ್ಯತೆ ಕಳೆದ್ರೆ ಉಳಿಯೋದು. ತೀರ ಸುಲಭದ ಲೆಕ್ಕ, ಗೆಲ್ಲೋ ಸಾಧ್ಯತೆ 0.9, ತೃಪ್ತಿ 0.1, ಗುಣಿಸಿದ್ರೆ 0.09. ತೀರ ಕಷ್ಟದ ಲೆಕ್ಕ, 0.1 ಗುಣಿಸು 0.9, ಮತ್ತೆ ಅದೇ 0.09. ಮಧ್ಯದ್ದು 0.5 ಗುಣಿಸು 0.5, ಅಂದ್ರೆ 0.25. ಸೆಳೆತ ಎಲ್ಲಿ ಜಾಸ್ತಿ ಅಂತ ಗೊತ್ತಾಯ್ತಲ್ಲ.

ಇಷ್ಟಕ್ಕೆ ನಿಲ್ಲಿಸಿದ್ರೆ ಪಾಠ ಸುಲಭ, ಎಲ್ಲರಿಗೂ ನಡುಮಟ್ಟದ ಲೆಕ್ಕ ಕೊಡಿ, ಮುಗೀತು. ಬಹಳ ಟ್ರೇನಿಂಗುಗಳು ಇಲ್ಲೇ ನಿಲ್ಲುತ್ವೆ ಕೂಡ. ಆದ್ರೆ ಅಟ್ಕಿನ್ಸನ್ ಲೆಕ್ಕದಲ್ಲಿ ಇನ್ನೊಂದು ಅರ್ಧ ಇದೆ, ಸೋಲಿನ ಭಯ. ಗೆಲ್ಲೋ ಆಸೆಗಿಂತ ಸೋಲೋ ಭಯ ದೊಡ್ಡದಾಗಿರೋ ಮಗುವಿಗೆ ಇದೇ ಲೆಕ್ಕ ತಲೆಕೆಳಗಾಗುತ್ತೆ, ಇದೇ 0.25 ಅದಕ್ಕೆ ಅತಿ ಹೆಚ್ಚು ಹಿಂಸೆಯ ಜಾಗ. ಯಾಕಂದ್ರೆ ಸುಲಭದ್ದು ಹೇಗೂ ಬರುತ್ತೆ, ಕಷ್ಟದ್ದು ಬರದಿದ್ರೆ ಯಾರೂ ಏನೂ ಅನ್ನಲ್ಲ, ಅದು ಯಾರಿಗೂ ಬರಲ್ಲ. ನಡುಮಧ್ಯದ ಲೆಕ್ಕಾನೇ ನೀನು ಏನು ಅಂತ ತೋರಿಸೋದು. ಹಾಗಾಗಿ ಹೆದರಿದ ಮಗು ಒಂದೋ ಬುಟ್ಟಿ ಪಕ್ಕ ನಿಲ್ಲುತ್ತೆ, ಇಲ್ಲ ಬಾಗಿಲ ಹತ್ರ ಹೋಗಿ ಬೆನ್ನು ತಿರುಗಿಸಿ ಎಸೆದು ನಗಿಸುತ್ತೆ. ನಿಮ್ಮ ಕ್ಲಾಸಿನ ಕೊನೇ ಬೆಂಚಿನ ಜೋಕರ್ ನೆನಪಾದ್ನಾ? "ನಾನು ದೊಡ್ಡವನಾದ್ಮೇಲೆ ವಿಜ್ಞಾನಿ ಆಗ್ತೀನಿ" ಅಂತ ಘೋಷಿಸಿ ಹೋಮ್‌ವರ್ಕ್ ಮಾತ್ರ ಮುಟ್ಟದ ಹುಡುಗೀನೂ ಅಲ್ಲೇ ನಿಂತಿದ್ದಾಳೆ, ಬಾಗಿಲ ಹತ್ರ.

ನನ್ನ ಪ್ರಕಾರ ಟೀಚರ್ ಕೆಲಸದ ಕ್ರಮ ಇಲ್ಲಿಂದಾನೇ ಬದಲಾಗ್ಬೇಕು. ಮೊದಲು ಸೋಲಿನ ಬೆಲೆ ಇಳಿಸಿ, ಆಮೇಲೆ ಸರಿಯಾದ ಮಟ್ಟದ ಕೆಲಸ ಕೊಡಿ. ನಾವು ಸಾಮಾನ್ಯವಾಗಿ ಉಲ್ಟಾ ಮಾಡ್ತೀವಿ, ಕೆಲಸ ಕೊಟ್ಟು, ಸೋತಾಗ ಎಲ್ಲರೆದುರು ಸೋಲಿನ ಬೆಲೆ ಏರಿಸಿ, ಆಮೇಲೆ ಸ್ಟಾಫ್ ರೂಮಲ್ಲಿ ಕೂತು ಮೋಟಿವೇಷನ್ ಇಲ್ಲ ಅಂತೀವಿ.

ಆ ಖಾಲಿ ಪೇಪರಿನ ಕ್ಲಾಸಲ್ಲಿ ನಾವು ಮಾಡಿದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ನನ್ನ ದಡ್ಡತನಾನೂ ಇದೆ. ವಾರಕ್ಕೊಂದು ಅರ್ಧ ಗಂಟೆ, ಪ್ರತಿ ಮಗುವಿಗೂ ಮೂರು ಕವರ್. ಒಂದರಲ್ಲಿ ಹೋದ ವಾರ ಅವನಿಗೆ ಸರಿ ಬಂದಿದ್ದ ಲೆಕ್ಕಗಳು, ಸರಿ ಮಾಡಿದ್ರೆ 1 ಪಾಯಿಂಟ್. ಇನ್ನೊಂದರಲ್ಲಿ ಹೋದ ವಾರ ಅವನಿಗೆ ತಪ್ಪಿದ್ದ ಲೆಕ್ಕಗಳು, 2 ಪಾಯಿಂಟ್. ಮೂರನೇದ್ರಲ್ಲಿ ಇನ್ನೂ ನೋಡೇ ಇಲ್ಲದ ಹೊಸ ಲೆಕ್ಕಗಳು, 3 ಪಾಯಿಂಟ್. ಯಾವ ಕವರಿಂದ ಎಷ್ಟು ತೆಗೀತೀಯ ಅನ್ನೋದು ಅವನಿಷ್ಟ. ಇದು ನನ್ನ ಸ್ವಂತ ಬುದ್ಧಿ ಅಲ್ಲ, ರಿಚರ್ಡ್ ಡಿ ಚಾರ್ಮ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಟೀಚರ್‌ಗಳ ಜೊತೆ ಸೇರಿ ಸ್ಪೆಲ್ಲಿಂಗ್ ಆಟವಾಗಿ ಮಾಡಿದ್ದನ್ನ ನಾನು ಗಣಿತಕ್ಕೆ ತಿರುಗಿಸ್ಕೊಂಡಿದ್ದು. ಅವರು ಮಕ್ಕಳನ್ನ ಎರಡು ಸ್ಥಿತಿಯಲ್ಲಿ ನೋಡ್ತಿದ್ರು, ಚದುರಂಗದ ಕಾಯಿ ನಡೆಸೋನು ಮತ್ತು ಬರೀ ಕಾಯಿ. ಶಾಲೇಲಿ ಬಹುಪಾಲು ಹೊತ್ತು ಮಗು ಕಾಯಿಯಾಗೇ ಇರುತ್ತೆ, ಇಲ್ಲಿಡು ಅಂದ್ರೆ ಇಲ್ಲಿ, ಅಲ್ಲಿಡು ಅಂದ್ರೆ ಅಲ್ಲಿ.

ನಾನು ಮಾಡಿದ ತಪ್ಪು ಏನಂದ್ರೆ ಕವರುಗಳಿಗೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಕೊಟ್ಟಿದ್ದು. ಮೊದಲ ವಾರಾನೇ ಮಕ್ಕಳು ಪಾಠ ಓದೋ ಮೊದ್ಲು ಬಣ್ಣ ಓದಿದ್ರು, ಯಾರ ಡೆಸ್ಕ್ ಮೇಲೆ ಹಸಿರಿದೆ ಅಂತ ಕತ್ತೆತ್ತಿ ನೋಡೋದೇ ನೋಡೋದು. ಒಂದು ಹುಡುಗಿ ಕೆಂಪು ಕವರ್ ಮೇಲೆ ಇಟ್ಕೊಂಡು ಅದರ ಕೆಳಗೆ ಹಸಿರು ಕವರಿನ ಲೆಕ್ಕ ಮಾಡ್ತಿದ್ಲು. ಅಲ್ಲಿಗೆ ಬುಟ್ಟಿಯ ಸುತ್ತ ಸ್ಟಾಫ್ ನಿಲ್ಲಿಸಿದ ಹಾಗೇ ಆಯ್ತು. ಮುಂದಿನ ವಾರದಿಂದ ಮೂರೂ ಒಂದೇ ಬಿಳಿ ಕವರ್, ಮೂಲೇಲಿ ಪೆನ್ಸಿಲಿಂದ ಚುಕ್ಕೆ ಅಷ್ಟೇ. ಪಾಯಿಂಟ್ಸ್ ಕೂಡ ಗೋಡೆ ಮೇಲೆ ಹಾಕೋದು ಬಿಟ್ವಿ, ಅವರವರ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವರೇ ಬರ್ಕೊಳ್ತಿದ್ರು, ಹೋದ ವಾರಕ್ಕಿಂತ ಈ ವಾರ ಎಷ್ಟು ಅಂತ. ನಲವತ್ತೈದು ಮಕ್ಕಳಿಗೆ ಕವರ್ ಮಾಡ್ತಾ ಕೂತ್ರೆ ನಮ್ಮ ಗತಿ ಏನು ಅಂತ ಕೇಳ್ತೀರಿ, ನ್ಯಾಯವಾದ ಪ್ರಶ್ನೆ. ಎರಡು ಕವರ್ ಮಕ್ಕಳೇ ಮಾಡ್ಕೊಳ್ತಾರೆ, ಹೋದ ವಾರದ ನೋಟ್ಸಿಂದ ಸರಿ ಇರೋ ಮೂರು, ತಪ್ಪಿರೋ ಮೂರು ಬೇರೆ ಚೀಟಿಗೆ ಇಳಿಸ್ಕೊಳ್ಳೋದು. ಟೀಚರ್ ಹೊಸ ಮೂರು ಲೆಕ್ಕ ಬೋರ್ಡಲ್ಲಿ ಬರೆದ್ರೆ ಸಾಕು.

ಇನ್ನೊಂದು ನಿಯಮ, ಆ ಅರ್ಧ ಗಂಟೆ ರಬ್ಬರ್ ಇಲ್ಲ. ತಪ್ಪಾಯ್ತು ಅನ್ಸಿದ್ರೆ ಒಂದೇ ಒಂದು ಗೆರೆ ಎಳೆದು ಕೆಳಗೆ ಮುಂದುವರಿಸೋದು, ಒಳಗಿರೋದು ಓದೋ ಹಾಗಿರಬೇಕು. ಇದು ಕೇಳೋಕೆ ಸಣ್ಣ ವಿಷಯ. ಮಾಡಿಸಿದಾಗ ಇಬ್ಬರು ಮಕ್ಕಳು ಅತ್ತೇಬಿಟ್ರು, ಅವರಲ್ಲಿ ಒಬ್ಬಳು ಕ್ಲಾಸಿಗೇ ಫಸ್ಟ್ ಬರೋಳು.

ಆ ಫಸ್ಟ್ ಬರೋ ಹುಡುಗಿ ಬಗ್ಗೆ ಹೇಳ್ಲೇಬೇಕು. ಐದು ವಾರ ಅವಳು ಮೊದಲನೇ ಕವರ್ ಬಿಟ್ಟು ಬೇರೆ ಮುಟ್ಲಿಲ್ಲ. ಎಲ್ಲಾ ಸರಿ, ಅಕ್ಷರ ಮುತ್ತಿನ ಹಾಗೆ, ಒಂದೊಂದು ಪಾಯಿಂಟ್ ಸೇರಿಸ್ಕೊಂಡು ಹೋಗ್ತಿದ್ಲು. 25ಕ್ಕೆ 24 ಬಂದ್ರೆ ಊಟ ಬಿಡೋ ಹುಡುಗಿ ಅಂತ ಮನೇಲಿ ಹೆಮ್ಮೆಯಿಂದ ಹೇಳೋರು. ಖಾಲಿ ಪೇಪರ್ ಕೊಡೋನೂ ಇವಳೂ ಒಂದೇ ಕಾಯಿಲೆಯ ಎರಡು ರೂಪ ಅಂತ ನಾನು ಅಂದಾಗ ಆ ಟೀಚರ್ ನಂಬ್ಲಿಲ್ಲ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಸಿಟ್ಟೂ ಮಾಡ್ಕೊಂಡ್ರು. ಈ ಥರದ ಮಕ್ಕಳು ಶಾಲೇಲಿ ಯಾರ ಕಣ್ಣಿಗೂ ಸಮಸ್ಯೆ ಅಂತ ಬೀಳಲ್ಲ. ಮುಂದೆ ಎಲ್ಲೋ ದೊಡ್ಡ ಕಾಲೇಜಿಗೆ ಹೋಗಿ, ಅಲ್ಲಿ ತನ್ನಂಥವರೇ ಐವತ್ತು ಜನ ಇದ್ದಾರೆ ಅಂತ ಗೊತ್ತಾದಾಗ ಕುಸೀತಾರೆ, ಆಗ "ಎಷ್ಟು ಚೆನ್ನಾಗಿ ಓದ್ತಿದ್ಲು, ಏನಾಯ್ತೋ" ಅಂತೀವಿ.

ಅವಳಿಗೆ ಆ ಹೆದರಿಕೆ ಎಲ್ಲಿಂದ ಬಂತು? ಒಂದು ಮೂಲ ನಾವು ಪ್ರೀತಿಯಿಂದ ಹೇಳೋ ಮಾತು, "ನೀನು ಜಾಣೆ". 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು ಬಹಳ ಜನಕ್ಕೆ ಗೊತ್ತಿರಬಹುದು. ಒಂದಷ್ಟು ಒಗಟಿನಂಥ ಲೆಕ್ಕ ಮಾಡಿಸಿ, ಕೆಲವರಿಗೆ ನೀನು ಬುದ್ಧಿವಂತ ಇರಬೇಕು ಅಂದ್ರು, ಕೆಲವರಿಗೆ ನೀನು ಚೆನ್ನಾಗಿ ಕಷ್ಟಪಟ್ಟಿರಬೇಕು ಅಂದ್ರು. ಬುದ್ಧಿವಂತ ಅನ್ನಿಸ್ಕೊಂಡ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಚೆನ್ನಾಗಿ ಕಾಣಿಸ್ಕೊಳ್ಳೋಂಥ ಸುಲಭದ ಕೆಲಸ ಆರಿಸ್ಕೊಂಡ್ರು, ಮಧ್ಯೆ ಒಂದು ಕಷ್ಟದ ಸೆಟ್ ಕೊಟ್ಟು ಸೋಲಿಸಿದ ಮೇಲೆ ಮೊದಲಿನ ಮಟ್ಟದ ಲೆಕ್ಕಗಳಲ್ಲೂ ಕೆಳಗಿಳಿದ್ರು, ತಮ್ಮ ಸ್ಕೋರ್ ಬೇರೆ ಮಕ್ಕಳಿಗೆ ಬರೆದು ತಿಳಿಸೋವಾಗ ಜಾಸ್ತಿ ಮಾಡಿ ಬರೆದವರೂ ಇವರಲ್ಲೇ ಹೆಚ್ಚು. ಒಂದೇ ಒಂದು ವಾಕ್ಯ ಮಾಡಿದ ಕೆಲಸ ಇದು.

ಹಾಗಂತ ಎಲ್ಲದಕ್ಕೂ "ಪ್ರಯತ್ನ ಪಟ್ಟೆ, ಗುಡ್" ಅಂತ ಶುರು ಮಾಡ್ಬೇಡಿ ದಯವಿಟ್ಟು. ಈ ಸಂಶೋಧನೆ ಶಾಲೆಗಳಿಗೆ ಬಂದ ಮೇಲೆ ಆಗಿರೋ ದೊಡ್ಡ ಅನಾಹುತ ಇದು. ಬರದ ಮಗುವಿನ ಬೆನ್ನು ತಟ್ಟಿ "ಪರವಾಗಿಲ್ಲ ಪುಟ್ಟ, ನಿನ್ನ ಕೈಲಾದಷ್ಟು ಮಾಡಿದ್ಯಲ್ಲ" ಅಂದಾಗ ಅದಕ್ಕೆ ಕೇಳಿಸೋದು "ನಿನ್ನ ಕೈಲಿ ಇಷ್ಟೇ ಆಗೋದು". ಸಾಂಡ್ರಾ ಗ್ರಹಾಂ 1984ರಲ್ಲಿ ತೋರಿಸಿದ್ದು ಇದನ್ನೇ, ಸೋತ ಮಗುವಿನ ಬಗ್ಗೆ ದೊಡ್ಡವರು ಅಯ್ಯೋ ಪಾಪ ಅಂತ ಮರುಕ ತೋರಿಸಿದ್ರೆ ಮಗು ತನಗೆ ಸಾಮರ್ಥ್ಯವೇ ಇಲ್ಲ ಅಂತ ಅರ್ಥ ಮಾಡ್ಕೊಳ್ಳುತ್ತೆ, ಸ್ವಲ್ಪ ಸಿಟ್ಟು ತೋರಿಸಿದ್ರೆ ಇನ್ನೂ ಪ್ರಯತ್ನ ಪಡಬೇಕಿತ್ತು ಅಂತ ಅರ್ಥ ಮಾಡ್ಕೊಳ್ಳುತ್ತೆ. ನಾನೇನು ಸಿಟ್ಟು ಮಾಡಿ ಅಂತಿಲ್ಲ. ಮಕ್ಕಳು ನಮ್ಮ ಮಾತಿಗಿಂತ ಮುಖ ಚೆನ್ನಾಗಿ ಓದ್ತಾರೆ, ಅಷ್ಟೇ ನನ್ನ ಮಾತು.

ಇದರ ಹಿಂದಿರೋ ಪೂರ್ತಿ ಸಿದ್ಧಾಂತವನ್ನ ಬರ್ನಾರ್ಡ್ ವೀನರ್ 1970ರ ದಶಕದಲ್ಲೇ ಬೆಳೆಸಿದ್ರು. ಸೋತಾಗ ಮನುಷ್ಯ ಯಾಕೆ ಸೋತೆ ಅಂತ ತನಗೆ ತಾನೇ ಒಂದು ಕಾರಣ ಹೇಳ್ಕೊಳ್ತಾನೆ, ಆ ಕಾರಣ ಬದಲಾಗೋಂಥದ್ದಾ, ನನ್ನ ಕೈಲಿರೋದಾ ಅನ್ನೋದರ ಮೇಲೆ ನಾಳೆ ಮತ್ತೆ ಪುಸ್ತಕ ತೆಗೀತಾನೋ ಇಲ್ವೋ ನಿಂತಿದೆ. ತಲೆ ಇಲ್ಲ ಅನ್ನೋ ಕಾರಣ ಬದಲಾಗಲ್ಲ. ಪ್ರಶ್ನೆಪತ್ರಿಕೆ ಕಷ್ಟ ಇತ್ತು ಅನ್ನೋದು ನನ್ನ ಕೈಲಿಲ್ಲ. ಸರಿ, ಪ್ರಯತ್ನ ಸಾಲ್ಲಿಲ್ಲ ಅನ್ನೋದು? ಅದು ನನ್ನ ಕೈಲಿದೆ, ಆದ್ರೆ ನಿಜವಾಗ್ಲೂ ರಾತ್ರಿ ಹನ್ನೊಂದರ ತನಕ ಕೂತು ಓದಿ ಬಂದ ಮಗುವಿಗೆ ಇನ್ನೂ ಪ್ರಯತ್ನ ಪಡು ಅಂದ್ರೆ ಅದಕ್ಕಿಂತ ಕ್ರೂರ ಮಾತು ಇನ್ನೊಂದಿಲ್ಲ. ಅಂಥ ಮಗುವಿಗೆ ಬೇಕಿರೋದು ನಾಲ್ಕನೇ ಕಾರಣ, ಓದೋ ದಾರಿ ಸರಿ ಇಲ್ಲ ಅನ್ನೋದು. "ನೀನು ಐದು ಸಲ ಓದಿದ್ದೀಯ ಸರಿ, ಒಂದು ಸಲ ಪುಸ್ತಕ ಮುಚ್ಚಿಟ್ಟು ಬರೆದು ನೋಡಿದ್ಯಾ?" ಈ ಮಾತಲ್ಲಿ ಮಗುವಿನ ತಲೆ ಬಗ್ಗೆ ಏನೂ ಇಲ್ಲ, ಶ್ರಮದ ಬಗ್ಗೆ ಅನುಮಾನವೂ ಇಲ್ಲ, ನಾಳೆ ಮಾಡೋಕೆ ಒಂದು ಕೆಲಸ ಇದೆ. ನನಗೆ ಗೊತ್ತಿರೋ ಒಳ್ಳೆ ಟೀಚರ್‌ಗಳೆಲ್ಲ ಯಾವ ಥಿಯರಿ ಓದದೇನೂ ಹೀಗೇ ಮಾತಾಡ್ತಾರೆ.

ಸುಲಭದ್ದು ಕೊಟ್ಟು ಕಾನ್ಫಿಡೆನ್ಸ್ ಬೆಳೆಸೋಣ ಅನ್ನೋದು ಇನ್ನೊಂದು ಪ್ರೀತಿಯ ತಪ್ಪು. ಇದಕ್ಕೆ ಹಳೇ ಉತ್ತರ ಇದೆ. 1975ರಲ್ಲಿ ಡ್ವೆಕ್ ಸೋತ ತಕ್ಷಣ ಕೈ ಚೆಲ್ಲಿಬಿಡೋ 12 ಮಕ್ಕಳನ್ನ ತಗೊಂಡು, ಅರ್ಧ ಮಕ್ಕಳಿಗೆ ದಿನಾ ಬರೀ ಗೆಲ್ಲೋಂಥ ಲೆಕ್ಕ ಕೊಟ್ರು. ಇನ್ನರ್ಧ ಮಕ್ಕಳಿಗೆ ಗೆಲುವಿನ ಮಧ್ಯೆ ಬೇಕಂತ್ಲೇ ಆಗಾಗ ಒಂದು ಸೋಲು ಇಟ್ಟು, ಸೋತಾಗ ಕಾರಣ ಪ್ರಯತ್ನದಲ್ಲಿದೆ ಅಂತ ತೋರಿಸಿಕೊಟ್ರು. ಕೊನೆಗೆ ಎಲ್ಲರಿಗೂ ಕಷ್ಟದ ಲೆಕ್ಕ ಬಂದಾಗ ಬರೀ ಗೆದ್ದಿದ್ದ ಮಕ್ಕಳು ಮೊದಲಿನ ಹಾಗೇ ಕುಸಿದ್ರು, ಸೋಲನ್ನ ದಾಟೋದು ಅಭ್ಯಾಸ ಆಗಿದ್ದ ಮಕ್ಕಳು ನಿಂತ್ರು. ಈಜು ಕಲಿಸೋಕೆ ನೀರಿಗೆ ಇಳಿಸ್ಲೇಬೇಕು, ಆದ್ರೆ ಸೊಂಟದ ಮಟ್ಟದ ನೀರು, ಪಕ್ಕದಲ್ಲಿ ನಾವು.

ಕ್ಲಾಸಿನಲ್ಲಿ ಸೋಲಿನ ಬೆಲೆ ಏರೋ ಇನ್ನೊಂದು ಜಾಗ ನಮಗೆ ಕಾಣ್ಸೋದೇ ಇಲ್ಲ, ಅದು ಪ್ರಶ್ನೆ ಕೇಳಿದ ಮೇಲಿನ ಮೌನ. ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಅಳೆದು ನೋಡಿದ್ರೆ ಟೀಚರ್‌ಗಳು ಉತ್ತರಕ್ಕೆ ಕಾಯೋದು ಸರಾಸರಿ ಸುಮಾರು 1 ಸೆಕೆಂಡ್, ಅದನ್ನ 3 ಸೆಕೆಂಡ್ ದಾಟಿಸಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಯಾವಾಗ್ಲೂ ಬಾಯಿ ಬಿಡದವರೂ ಮಾತಾಡ್ತಾರೆ. ಅದಕ್ಕಿಂತ ಮನಸ್ಸಿಗೆ ಚುಚ್ಚೋ ವಿಷಯ, ವೀಕು ಅಂತ ಅಂದ್ಕೊಂಡಿರೋ ಮಕ್ಕಳಿಗೆ ಟೀಚರ್‌ಗಳು ಕಾಯೋದು ಇನ್ನೂ ಕಮ್ಮಿ. ಪಾಪ ಮುಜುಗರ ಆಗ್ಬಾರ್ದು ಅಂತ ನಾವು ಬೇಗ ಪಕ್ಕದವನ ಕಡೆ ತಿರುಗ್ತೀವಿ, ಇಡೀ ಕ್ಲಾಸಿಗೆ ಸಂದೇಶ ಹೋಗುತ್ತೆ. ಒಂದು ದಿನ ನಿಮ್ಮ ಕ್ಲಾಸನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಮನೇಲಿ ಕೇಳಿ ನೋಡಿ. ನಾನು ನನ್ನದು ಕೇಳಿದ್ದೆ, ಎರಡು ದಿನ ಯಾರ ಹತ್ರಾನೂ ಸರಿಯಾಗಿ ಮಾತಾಡ್ಲಿಲ್ಲ.

ಮಾರ್ಕ್ಸ್ ವಿಷಯದಲ್ಲಿ ನಾನು ಒಂದೇ ಒಂದು ಬದಲಾವಣೆ ಕೇಳ್ಕೊಳ್ತೀನಿ. ರೂತ್ ಬಟ್ಲರ್ 1988ರಲ್ಲಿ ಹೋಲಿಸಿ ನೋಡಿದ್ರು, ಕೆಲವು ಮಕ್ಕಳಿಗೆ ಬರೀ ಮಾರ್ಕ್ಸು, ಕೆಲವರಿಗೆ ಬರೀ ಎರಡು ಸಾಲು ಕಾಮೆಂಟು, ಕೆಲವರಿಗೆ ಎರಡೂ. ಬರೀ ಕಾಮೆಂಟ್ ಸಿಕ್ಕ ಮಕ್ಕಳ ಆಸಕ್ತಿ ಮತ್ತು ಕೆಲಸ ಎರಡೂ ಮೇಲೆ ಹೋಯ್ತು. ಎರಡೂ ಸಿಕ್ಕವರು ಬರೀ ಮಾರ್ಕ್ಸ್ ಸಿಕ್ಕವರ ಹಾಗೇ ಆದ್ರು, ಅಂದ್ರೆ ಪಕ್ಕದಲ್ಲಿ ಅಂಕಿ ಇದ್ರೆ ನಾವು ರಾತ್ರಿ ಕೂತು ಬರೆದ ಕಾಮೆಂಟ್ ದಂಡ. ಮಾರ್ಕ್ಸ್ ಬಿಡೋಕಾಗಲ್ಲ, ಗೊತ್ತು. ಮೊದಲು ಕಾಮೆಂಟ್ ಇರೋ ಪೇಪರ್ ಕೊಡಿ, ಮಕ್ಕಳು ಒಂದು ಲೆಕ್ಕ ತಿದ್ದಿ ವಾಪಸ್ ಕೊಡ್ಲಿ, ಮಾರ್ಕ್ಸ್ ಎರಡು ದಿನ ಬಿಟ್ಟು ಹೇಳಿ. ಆ ಎರಡು ದಿನ ಪೇಪರ್ ಪೇಪರಾಗೇ ಇರುತ್ತೆ, ತೀರ್ಪು ಆಗಿರಲ್ಲ.

ಸ್ಟಾರು, ಸ್ಟಿಕರು, ಬಹುಮಾನ ಬಗ್ಗೆ ಎಲ್ಲರೂ ಕೇಳ್ತಾರೆ. ಇಷ್ಟಪಟ್ಟು ಮಾಡ್ತಿರೋ ಕೆಲಸಕ್ಕೆ ಮೊದ್ಲೇ ಬಹುಮಾನ ಆಸೆ ತೋರಿಸಿದ್ರೆ ಇಷ್ಟ ಕಮ್ಮಿ ಆಗುತ್ತೆ, 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸೋ ಪುಟ್ಟ ಮಕ್ಕಳಲ್ಲಿ ಇದನ್ನ ನೋಡಿದ್ರು, ಹೇಳದೇ ಕೊಟ್ಟ ಬಹುಮಾನ ಆ ಕೇಡು ಮಾಡ್ಲಿಲ್ಲ. ಶುರುವೇ ಆಗದ ಕೆಲಸಕ್ಕೆ ಅಪರೂಪಕ್ಕೆ ಒಂದು ಸ್ಟಾರ್ ಕೊಟ್ರೆ ಆಕಾಶವೇನೂ ಬೀಳಲ್ಲ.

ಇನ್ನು ದೊಡ್ಡವರಾದ ಮೇಲೆ ಇದು ಬದಲಾಗುತ್ತಾ ಅನ್ನೋ ಪ್ರಶ್ನೆ. ಮ್ಯಾಕ್ಲೆಲಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದಲ್ಲಿ ಸಣ್ಣ ಉದ್ದಿಮೆದಾರರಿಗೆ ಕೆಲವು ದಿನಗಳ ತರಬೇತಿ ನಡೆಸಿ, 1969ರಲ್ಲಿ ಡೇವಿಡ್ ವಿಂಟರ್ ಜೊತೆ ಸೇರಿ ಅದರ ಫಲಿತಾಂಶ ಬರೆದ್ರು. ತರಬೇತಿ ಪಡೆದವರು ವ್ಯಾಪಾರದಲ್ಲಿ ಹೆಚ್ಚು ಚುರುಕಾದ್ರು, ಅದರಲ್ಲೂ ತಮ್ಮ ವ್ಯಾಪಾರದ ನಿರ್ಧಾರ ತಾವೇ ತಗೊಳ್ಳೋ ಸ್ಥಾನದಲ್ಲಿ ಇದ್ದವರು. ನನಗೆ ಈ ಕೊನೇ ಮಾತೇ ಮುಖ್ಯ ಅನ್ಸೋದು. ನಿರ್ಧಾರ ಕೈಲಿಲ್ಲದವನಿಗೆ ಹುಮ್ಮಸ್ಸು ತುಂಬಿದ್ರೆ ಅವನದನ್ನ ಎಲ್ಲಿ ಹಾಕ್ತಾನೆ? ಬೆಳಿಗ್ಗೆಯಿಂದ ಸಂಜೆ ತನಕ ಒಂದು ವಿಷಯವೂ ತಾನು ಆರಿಸೋಕಿಲ್ಲದ ಮಗುವಿಗೆ ಅಸೆಂಬ್ಲೀಲಿ ಮೋಟಿವೇಷನಲ್ ಸ್ಪೀಚ್ ಕೊಡೋದೂ ಹಾಗೇ. ಮೂರು ಕವರಲ್ಲಿ ಒಂದು ಆರಿಸು ಅನ್ನೋದು ಸಣ್ಣದೇ, ಆದ್ರೆ ಅದು ನಿಜವಾದ ನಿರ್ಧಾರ.

ಇದೆಲ್ಲ ಮಾಡಿದ್ರೆ ಎಲ್ಲರೂ ಬದಲಾಗ್ತಾರೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಮೆದುಳು ಬೆಳೆಯುತ್ತೆ, ಬುದ್ಧಿ ಸ್ಥಿರ ಅಲ್ಲ ಅಂತ ಮಕ್ಕಳಿಗೆ ಕಲಿಸೋ ಒಂದು ಪುಟ್ಟ ಆನ್‌ಲೈನ್ ಪಾಠವನ್ನ ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ಕ್ಲಾಸಿನ ಮಕ್ಕಳ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ರು, ಕಮ್ಮಿ ಮಾರ್ಕ್ಸ್ ತೆಗೆಯೋ ಮಕ್ಕಳಲ್ಲಿ ಆದ ಏರಿಕೆ, ಸೊನ್ನೆಯಿಂದ ಸುಮಾರು 4ರ ತನಕ ಹೋಗೋ ಅಲ್ಲಿನ ಗ್ರೇಡ್ ಅಳತೆಯಲ್ಲಿ, ಸುಮಾರು 0.1 ಪಾಯಿಂಟ್. ಒಂದು ಗಂಟೆಗೂ ಕಮ್ಮಿ ಪಾಠಕ್ಕೆ ಅದು ಒಳ್ಳೇದೇ, ಆದ್ರೆ ಪೋಸ್ಟರ್ ಅಂಟಿಸಿದ್ರೆ ಕ್ರಾಂತಿ ಆಗುತ್ತೆ ಅನ್ನೋಷ್ಟಲ್ಲ. ಮತ್ತೆ ಮೋಟಿವೇಷನ್ ಇಲ್ಲ ಅಂತ ನನ್ನ ಹತ್ರ ಕಳಿಸೋ ಮಕ್ಕಳಲ್ಲಿ ನಾನು ಮೊದಲು ಮನಸ್ಸು ನೋಡಲ್ಲ, ಕಣ್ಣು ಕಿವಿ ನೋಡ್ತೀನಿ, ನಿದ್ದೆ ಕೇಳ್ತೀನಿ, ಒಂದು ಪ್ಯಾರಾ ಜೋರಾಗಿ ಓದಿಸ್ತೀನಿ. ಒಂದು ವರ್ಷ ಪೂರ್ತಿ ಆಸಕ್ತಿ ಇಲ್ಲ ಅನ್ನಿಸ್ಕೊಂಡಿದ್ದ ಹುಡುಗಿಗೆ ಬೋರ್ಡೇ ಕಾಣ್ತಿರಲಿಲ್ಲ, ಕನ್ನಡಕ ಬಂದ್ಮೇಲೆ ಆಸಕ್ತಿಯೂ ಬಂತು, ಅದಕ್ಕೆ ಯಾವ ಥಿಯರಿಯೂ ಬೇಕಿರಲಿಲ್ಲ.

ಆ ಹುಡುಗನ ಕಥೆ ಮುಗಿಸ್ತೀನಿ. ಮೊದಲ ಮೂರು ವಾರ ಅವನು ಮೂರನೇ ಕವರ್ ಮಾತ್ರ ತೆಗೆದ, ಒಂದೂ ಮಾಡ್ಲಿಲ್ಲ, ಬಾಗಿಲ ಹತ್ರ ನಿಂತು ಬೆನ್ನು ತಿರುಗಿಸಿ ಎಸೆಯೋದು ಅಂತ ನಾನು ಹೇಳಿದ್ನಲ್ಲ ಅದೇ. ಟೀಚರ್ ಏನೂ ಅನ್ಲಿಲ್ಲ, ಅದು ಅವರಿಗೆ ಎಷ್ಟು ಕಷ್ಟ ಆಯ್ತು ಅಂತ ನನಗೆ ಗೊತ್ತು. ನಾಲ್ಕನೇ ವಾರ ಮೊದಲನೇ ಕವರಿಂದ ಎರಡು ಮಾಡಿದ. ಏಳನೇ ವಾರದಲ್ಲಿ ಎಲ್ಲೋ, ಯಾರಿಗೂ ಕಾಣದ ಹಾಗೆ ಕೈ ಅಡ್ಡ ಇಟ್ಕೊಂಡು, ಎರಡನೇ ಕವರ್ ತೆಗೆದ.

ಮುಂದಿನ ಟೆಸ್ಟ್ ಆದ್ಮೇಲೆ ಟೀಚರ್ ಮತ್ತೆ ಅವನ ಪೇಪರ್ ಹಿಡ್ಕೊಂಡು ನನ್ನ ರೂಮಿಗೆ ಬಂದ್ರು. 25ಕ್ಕೆ 7. ಬೆಳಕಿಗೆ ಹಿಡಿಯೋ ಅಗತ್ಯ ಇರಲಿಲ್ಲ, ಪೇಪರ್ ತುಂಬ ಗೆರೆ, ಹೊಡೆದು ಹಾಕಿದ ಸ್ಟೆಪ್ಪುಗಳು, ಮತ್ತೆ ಶುರು ಮಾಡಿದ್ದು. ಭಿನ್ನರಾಶಿ ಲೆಕ್ಕದಲ್ಲಿ ಈಗಲೂ ಕೆಳಗಿನ ಸಂಖ್ಯೆಗಳನ್ನ ಕೂಡಿದ್ದ, ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದ ಮಾರ್ಜಿನ್ನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದ, "ಇದು ತಪ್ಪು ಅಂತ ಗೊತ್ತು ಮಿಸ್, ಸರಿ ಹೇಗೆ ಅಂತ ಗೊತ್ತಿಲ್ಲ". ಟೀಚರ್ ಅದನ್ನ ನನಗೆ ಎರಡು ಸಲ ಓದಿ ಹೇಳಿದ್ರು. ಆಮೇಲೆ ಗಡಿಯಾರ ನೋಡಿ, ಅವನಿಗೀಗ ಪಿ.ಟಿ. ಪೀರಿಯಡ್ ಇರುತ್ತೆ, ಮುಗಿಯೋ ತನಕ ಕಾಯ್ತೀನಿ ಅಂತ ಅಲ್ಲೇ ಕುರ್ಚಿ ಎಳ್ಕೊಂಡು ಕೂತ್ರು.